ಬೆಂಗಳೂರಿನ ಸ್ವತಂತ್ರ ಹಿಪ್‌ಹಾಪ್

ಬೆಂಗಳೂರಿನ ಸ್ವತಂತ್ರ ಹಿಪ್‌ಹಾಪ್ ಎಂಬುದು ಬೆಂಗಳೂರು ನಗರ ಹಾಗೂ ಅದರ ಹೊರವಲಯದಲ್ಲಿ ನೆಲೆಸಿದ ಕಲಾವಿದರು ಚಲನಚಿತ್ರೋದ್ಯಮದ ಮತ್ತು ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಆಶ್ರಯವಿಲ್ಲದೆ ಆರಂಭಿಸಿ ಬೆಳೆಸಿದ ರ‍್ಯಾಪ್ ಸಂಗೀತದ ಪರಂಪರೆಯಾಗಿದೆ. 2000ರ ದಶಕದ ಕೊನೆಯ ವರ್ಷಗಳಲ್ಲಿ ಅಂತರಜಾಲದ ಸಮುದಾಯಗಳ ಮೂಲಕ ರೂಪುಗೊಂಡ ಇದು ಮೊದಲಿಗೆ ಇಂಗ್ಲಿಷ್‌ನಲ್ಲಿಯೂ ಅನಂತರ ಕನ್ನಡದಲ್ಲಿಯೂ ಬೆಳೆಯಿತು. ಮಚಾಸ್ ವಿತ್ ಆ್ಯಟಿಟ್ಯೂಡ್ ಗುಂಪು, ಅದರ ಸದಸ್ಯರಾಗಿದ್ದ ಬ್ರೋಧಾ ವಿ ಮತ್ತು ಸ್ಮೋಕಿ ದ ಘೋಸ್ಟ್, ಬೆಂಗಳೂರಿನಲ್ಲಿದ್ದುಕೊಂಡು ಸಂಗೀತ ಆರಂಭಿಸಿದ ಹನುಮಾನ್‌ಕೈಂಡ್, ಕನ್ನಡದ ರ‍್ಯಾಪರ್‌ಗಳಾದ ರಾಹುಲ್ ಡಿಟ್ಟೊ, ಎಂಸಿ ಬಿಜ್ಜು, ಗುಬ್ಬಿ ಮತ್ತು ಸಿರಿ ಈ ಪರಂಪರೆಯ ಪರಿಚಿತ ಹೆಸರುಗಳು. ಪೂರ್ಣ ಪ್ರಮಾಣದ ಆಲ್ಬಮ್‌ಗಿಂತ ಬಿಡಿ ಹಾಡು ಮತ್ತು ಇಪಿ ಎಂಬ ಕಿರು ಮುದ್ರಿಕೆಗಳೇ ಇದರ ಮುಖ್ಯ ಪ್ರಕಾರಗಳಾಗಿವೆ. ಇಂತಹ ಮುದ್ರಿಕೆಗಳ ಸುತ್ತ ಸಂಖ್ಯೆಯಲ್ಲಿ ಚಿಕ್ಕದಾದರೂ ನಿಷ್ಠೆಯಲ್ಲಿ ಗಟ್ಟಿಯಾದ ಅಭಿಮಾನಿ ಬಳಗಗಳು ಬೆಳೆಯುತ್ತವೆ. ಹಲವು ಹಾಡುಗಳ ಉಳಿವು ಈ ಬಳಗಗಳನ್ನೇ ಅವಲಂಬಿಸಿದೆ.

ಪರಿಭಾಷೆ

ಹಿಪ್‌ಹಾಪ್ ಎಂಬುದು ಒಂದು ಸಂಗೀತ ಪ್ರಕಾರದ ಹೆಸರಷ್ಟೇ ಅಲ್ಲ. ತಾಳಕ್ಕೆ ಹೊಂದಿಸಿ ಪದಗಳನ್ನು ನುಡಿಯುವ ರ‍್ಯಾಪ್, ಮುದ್ರಿತ ಸಂಗೀತವನ್ನು ಕೈಚಳಕದಿಂದ ನುಡಿಸುವ ಡಿಜೆ ಕಲೆ, ಬ್ರೇಕಿಂಗ್ ನೃತ್ಯ ಮತ್ತು ಗೋಡೆಯ ಮೇಲಿನ ಗ್ರಾಫಿಟಿ ಚಿತ್ರ ಎಂಬ ನಾಲ್ಕು ಅಂಗಗಳನ್ನು ಒಳಗೊಂಡ ನಗರ ಸಂಸ್ಕೃತಿಗೆ ಈ ಹೆಸರಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್ ಪ್ರದೇಶದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಕೂಟವನ್ನು ಇದರ ಹುಟ್ಟಿನ ಸಂದರ್ಭವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ರ‍್ಯಾಪರ್‌ನ ನುಡಿಗೆ ಆಧಾರವಾಗಿರುವ ವಾದ್ಯಸಂಗೀತವನ್ನು ಬೀಟ್ ಎನ್ನುತ್ತಾರೆ. ಅದನ್ನು ರಚಿಸುವವರು ಪ್ರೊಡ್ಯೂಸರ್. ಚಲನಚಿತ್ರದ ನಿರ್ಮಾಪಕರಂತೆ ಇವರು ಹಣ ಹೂಡುವವರಲ್ಲ, ಸಂಗೀತವನ್ನು ಕಟ್ಟುವವರು. ಹಳೆಯ ಧ್ವನಿಮುದ್ರಿಕೆಯ ತುಣುಕೊಂದನ್ನು ಎತ್ತಿಕೊಂಡು ಹೊಸ ಬೀಟ್‌ನಲ್ಲಿ ಬಳಸುವುದಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು. ಹಲವರು ವೃತ್ತಾಕಾರವಾಗಿ ನಿಂತು ಸರದಿಯಂತೆ ರ‍್ಯಾಪ್ ಮಾಡುವುದು ಸೈಫರ್. ಇಬ್ಬರು ಎದುರುಬದುರಾಗಿ ನಿಂತು ಮಾತಿನಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಯತ್ನಿಸುವುದು ಬ್ಯಾಟಲ್. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಲಾವಣಿಗಳಲ್ಲಿಯೂ ಎರಡು ಪಕ್ಷಗಳು ಸವಾಲು-ಜವಾಬುಗಳಿಂದ ಸೆಣಸುತ್ತವೆ. ಎರಡಕ್ಕೂ ಚಾರಿತ್ರಿಕ ಸಂಬಂಧವಿಲ್ಲವಾದರೂ, ಪದಶಕ್ತಿಯನ್ನು ಸಭೆಯ ಎದುರು ಪಣಕ್ಕೊಡ್ಡುವ ಗುಣ ಎರಡರಲ್ಲಿಯೂ ಸಮಾನವಾಗಿದೆ.

ಹಿನ್ನೆಲೆ

ಭಾರತದಲ್ಲಿ ರ‍್ಯಾಪ್ ಜನಪ್ರಿಯವಾದದ್ದು 1990ರ ದಶಕದಲ್ಲಿ. ಬಾಬಾ ಸೆಹಗಲ್ ಅವರ ‘ಠಂಡಾ ಠಂಡಾ ಪಾನಿ’ (1992) ಈ ಪ್ರಕಾರವನ್ನು ಮನೆಮನೆಗೆ ಪರಿಚಯಿಸಿತು. ಆದರೆ ಮುಂದಿನ ಹಲವು ವರ್ಷಗಳ ಕಾಲ ಚಲನಚಿತ್ರಗೀತೆಯ ನಡುವೆ ಬಂದುಹೋಗುವ ಅಲಂಕಾರವಾಗಿಯೇ ರ‍್ಯಾಪ್ ಹೆಚ್ಚಾಗಿ ಬಳಕೆಯಾಯಿತು. ಸ್ವತಂತ್ರವಾಗಿ ರ‍್ಯಾಪ್ ಬರೆಯುವವರಿಗೆ ವೇದಿಕೆಯಾಗಲಿ ಧ್ವನಿಮುದ್ರಣ ಸಂಸ್ಥೆಯಾಗಲಿ ಸುಲಭವಾಗಿ ದೊರೆಯುತ್ತಿರಲಿಲ್ಲ.

ಈ ಕೊರತೆಯನ್ನು ಅಂತರಜಾಲ ತುಂಬಿತು. 2004ರಲ್ಲಿ ಆರಂಭವಾದ ಆರ್ಕುಟ್ ಜಾಲತಾಣದಲ್ಲಿ ಭಾರತದ ಬೇರೆ ಬೇರೆ ನಗರಗಳ ಯುವಕರು ಸಮುದಾಯಗಳನ್ನು ಕಟ್ಟಿಕೊಂಡು ಬರಹದಲ್ಲಿಯೂ ಧ್ವನಿಯಲ್ಲಿಯೂ ರ‍್ಯಾಪ್ ಬ್ಯಾಟಲ್‌ಗಳನ್ನು ನಡೆಸತೊಡಗಿದರು. ಒಬ್ಬರ ಮುಖವನ್ನೊಬ್ಬರು ನೋಡದೆಯೇ ಪದಗಳ ಬಲದಿಂದ ಹೆಸರು ಗಳಿಸುವ ಅವಕಾಶ ಅಲ್ಲಿತ್ತು. ಬೆಂಗಳೂರಿನ ಮೊದಲ ತಲೆಮಾರಿನ ರ‍್ಯಾಪರ್‌ಗಳು ಈ ಗರಡಿಯಲ್ಲಿ ಪಳಗಿದವರು.

ಮಚಾಸ್ ವಿತ್ ಆ್ಯಟಿಟ್ಯೂಡ್

ಮಚಾಸ್ ವಿತ್ ಆ್ಯಟಿಟ್ಯೂಡ್ ಬೆಂಗಳೂರಿನ ಆರಂಭಿಕ ಹಿಪ್‌ಹಾಪ್ ಗುಂಪುಗಳಲ್ಲಿ ಪ್ರಮುಖವಾದುದು. ಬ್ರೋಧಾ ವಿ (ವಿಘ್ನೇಶ್ ಶಿವಾನಂದ್), ಸ್ಮೋಕಿ ದ ಘೋಸ್ಟ್ (ಸುಮುಖ್ ಮೈಸೂರು) ಮತ್ತು ಬಿಗ್ ನಿಕ್ ಇದರ ಸದಸ್ಯರಾಗಿದ್ದರು. ಎಂ.ಡಬ್ಲ್ಯೂ.ಎ. ಎಂಬ ಇದರ ಸಂಕ್ಷಿಪ್ತ ರೂಪವು ‘ಸ್ಟ್ರೇಟ್ ಔಟಾ ಕಾಂಪ್ಟನ್’ (1988) ಆಲ್ಬಮ್‌ನಿಂದ ಖ್ಯಾತವಾದ ಕ್ಯಾಲಿಫೋರ್ನಿಯದ ಎನ್.ಡಬ್ಲ್ಯೂ.ಎ. ಗುಂಪಿನ ಹೆಸರನ್ನು ನೆನಪಿಸುವಂತಿದೆ.

ಹೆಸರಿನ ಮೊದಲ ಪದ ಮಾತ್ರ ಸಂಪೂರ್ಣವಾಗಿ ಈ ಊರಿನದು. ‘ಮಚ್ಚಾನ್’ ಎಂಬುದು ತಮಿಳಿನಲ್ಲಿ ಭಾವ ಅಥವಾ ಭಾವಮೈದುನನನ್ನು ಕರೆಯುವ ಸಂಬಂಧವಾಚಕ. ಅದು ‘ಮಚ್ಚಾ’ ಎಂದಾಗಿ ಬೆಂಗಳೂರಿನ ಆಡುಮಾತಿಗೆ ಬಂದು, ‘ಮಗಾ’ ಮತ್ತು ‘ಗುರು’ ಎಂಬ ಕನ್ನಡ ಸಂಬೋಧನೆಗಳ ಪಕ್ಕದಲ್ಲಿ ಗೆಳೆಯನನ್ನು ಕರೆಯುವ ಪದವಾಗಿ ನೆಲೆಸಿತು. ಕನ್ನಡಿಗ, ತಮಿಳ, ತೆಲುಗ, ಉರ್ದು ಮಾತಿನವ ಎಂಬ ಭೇದವಿಲ್ಲದೆ ಬೆಂಗಳೂರಿನ ಹುಡುಗರು ಬಳಸುವ ಪದವೊಂದನ್ನು ಗುಂಪು ತನ್ನ ಗುರುತಾಗಿ ಆರಿಸಿಕೊಂಡಿತು. ಸಾಹಿತ್ಯ ಮುಖ್ಯವಾಗಿ ಇಂಗ್ಲಿಷ್‌ನಲ್ಲಿದ್ದರೂ ಹಾಡುಗಳು ಯಾವ ಊರಿನವು ಎಂಬುದನ್ನು ಹೆಸರೇ ಹೇಳುತ್ತಿತ್ತು.

ಕ್ರಮೇಣ ಸದಸ್ಯರು ತಮ್ಮ ತಮ್ಮ ಹಾದಿಗಳನ್ನು ಕಂಡುಕೊಂಡರು. ಬ್ರೋಧಾ ವಿ ಅವರ ‘ಆತ್ಮ ರಾಮ’ (2012) ಹಾಡಿನಲ್ಲಿ ಇಂಗ್ಲಿಷ್ ರ‍್ಯಾಪ್‌ನ ನಡುವೆ ರಾಮಭಜನೆಯು ಪಲ್ಲವಿಯಾಗಿ ಬರುತ್ತದೆ. ಅನಂತರದ ‘ಐಗಿರಿ ನಂದಿನಿ’ಯಲ್ಲಿ ಮಹಿಷಾಸುರಮರ್ದಿನಿ ಸ್ತೋತ್ರಕ್ಕೆ ಇದೇ ಸ್ಥಾನವಿದೆ. ಮನೆಯಲ್ಲಿ ಕೇಳಿ ಬೆಳೆದ ಭಕ್ತಿಸಂಗೀತವನ್ನೂ ಹೊರಗಿನಿಂದ ಕಲಿತ ರ‍್ಯಾಪ್ ಶೈಲಿಯನ್ನೂ ಬೆಸೆಯುವ ಈ ಕ್ರಮವು ಅಮೆರಿಕದ ಮಾದರಿಯ ನೇರ ಅನುಕರಣೆಯಿಂದ ಹೊರಬರಲು ದೊರೆತ ಒಂದು ದಾರಿಯಾಗಿತ್ತು. ಸ್ಮೋಕಿ ದ ಘೋಸ್ಟ್ ಕೂಡ ಏಕವ್ಯಕ್ತಿ ಕಲಾವಿದರಾಗಿ ಮುಂದುವರಿದರು.

ಕಿರು ಮುದ್ರಿಕೆ

ಇಪಿ ಎಂಬುದು ‘ಎಕ್ಸ್‌ಟೆಂಡೆಡ್ ಪ್ಲೇ’ ಎಂಬುದರ ಸಂಕ್ಷೇಪ. 1952ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಸಂಸ್ಥೆಯು 7 ಅಂಗುಲ ವ್ಯಾಸದ, ನಿಮಿಷಕ್ಕೆ 45 ಸುತ್ತು ತಿರುಗುವ ತಟ್ಟೆಗಳಲ್ಲಿ ಈ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಒಂದೊಂದು ಬದಿಯಲ್ಲಿ ಸಾಮಾನ್ಯವಾಗಿ ಎರಡು ಹಾಡುಗಳಿರುತ್ತಿದ್ದವು. ಕನ್ನಡ ಚಲನಚಿತ್ರಗೀತೆಗಳು ಕೂಡ ಗ್ರಾಮಫೋನ್ ಕಾಲದಲ್ಲಿ ಇಂತಹ ಇಪಿ ತಟ್ಟೆಗಳಲ್ಲಿ ದೊರೆಯುತ್ತಿದ್ದವು. ತಟ್ಟೆ ಮರೆಯಾದರೂ ಹೆಸರು ಉಳಿಯಿತು. ಇಂದಿನ ಡಿಜಿಟಲ್ ವಿತರಣೆಯಲ್ಲಿ ಸಾಮಾನ್ಯವಾಗಿ 4ರಿಂದ 6 ಹಾಡುಗಳಿರುವ, ಒಟ್ಟು 30 ನಿಮಿಷ ಮೀರದ ಮುದ್ರಿಕೆಯನ್ನು ಇಪಿ ಎಂದು ವರ್ಗೀಕರಿಸಲಾಗುತ್ತದೆ.

ಸ್ವತಂತ್ರ ಕಲಾವಿದರು ಈ ಪ್ರಕಾರವನ್ನು ಆರಿಸಿಕೊಳ್ಳಲು ಆರ್ಥಿಕ ಕಾರಣವೂ ಕಲಾತ್ಮಕ ಕಾರಣವೂ ಇದೆ. ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್, ಮೈಕ್ ಮತ್ತು ಹೆಡ್‌ಫೋನ್ ಇದ್ದರೆ ಮನೆಯ ಕೋಣೆಯಲ್ಲಿಯೇ ಧ್ವನಿಮುದ್ರಣ ಸಾಧ್ಯ. ಆದರೆ ಪ್ರತಿ ಹಾಡಿನ ಧ್ವನಿಗಳನ್ನು ಹದಗೊಳಿಸುವ ಮಿಕ್ಸಿಂಗ್, ಅಂತಿಮ ರೂಪ ಕೊಡುವ ಮಾಸ್ಟರಿಂಗ್ ಮತ್ತು ವಿಡಿಯೊ ಚಿತ್ರೀಕರಣಕ್ಕೆ ಹಣ ಬೇಕು. ಉದ್ಯೋಗದ ಸಂಬಳದಿಂದ ಉಳಿಸಿದ ಹಣದಲ್ಲಿ, ವಾರಾಂತ್ಯಗಳಲ್ಲಿ ಕೆಲಸ ಮಾಡುವವರಿಗೆ ಹದಿನಾಲ್ಕು ಹಾಡುಗಳ ಆಲ್ಬಮ್‌ಗಿಂತ ನಾಲ್ಕೈದು ಹಾಡುಗಳ ಗುಚ್ಛ ಕೈಗೆಟುಕುವಂತಹುದು. ಜೊತೆಗೆ, ಬಿಡಿ ಹಾಡು ಒಂದು ಭಾವವನ್ನು ಮಾತ್ರ ತೋರಿದರೆ, ಕಿರು ಮುದ್ರಿಕೆಯು ಕಲಾವಿದರ ಲೋಕದೃಷ್ಟಿಯನ್ನು ಪರಿಚಯಿಸುವಷ್ಟು ಅವಕಾಶ ನೀಡುತ್ತದೆ.

ಹೊಸ ತಾಂತ್ರಿಕ ರೂಪವು ಹೊಸ ಸಂಗೀತಕ್ಕೆ ದಾರಿಯಾಗುವುದು ಕರ್ನಾಟಕಕ್ಕೆ ಹೊಸದಲ್ಲ. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ನೀಡಿದ ‘ನಿತ್ಯೋತ್ಸವ’ (1978) ಧ್ವನಿಸುರುಳಿಯು ಚಲನಚಿತ್ರದ ಹಂಗಿಲ್ಲದ ಕನ್ನಡ ಗಾಯನಕ್ಕೆ ಕ್ಯಾಸೆಟ್ ಮೂಲಕ ದೊಡ್ಡ ಕೇಳುಗ ಸಮುದಾಯವನ್ನು ಒದಗಿಸಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಬಳಿಕ ಅಗ್ಗವಾದ ಮೊಬೈಲ್ ಡೇಟಾ, ಯೂಟ್ಯೂಬ್ ಮತ್ತು ಸ್ಟ್ರೀಮಿಂಗ್ ಸೇವೆಗಳು ಸ್ವತಂತ್ರ ರ‍್ಯಾಪ್‌ಗೆ ಅಂತಹುದೇ ಮಾರ್ಗವನ್ನು ತೆರೆದವು.

ಹನುಮಾನ್‌ಕೈಂಡ್ ಮತ್ತು ‘ಕಳರಿ’

ಸ್ವಂತ ಬಲದಿಂದ ಬಂದ ಕಿರು ಮುದ್ರಿಕೆ ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಹನುಮಾನ್‌ಕೈಂಡ್ ಅವರ ವೃತ್ತಿಜೀವನ ಎದ್ದುಕಾಣುವ ಉದಾಹರಣೆ. ಅವರ ನಿಜನಾಮ ಸೂರಜ್ ಚೆರುಕಾಟ್. 1992ರಲ್ಲಿ ಕೇರಳದ ಮಲಪ್ಪುರಂನಲ್ಲಿ ಜನಿಸಿದ ಅವರು ತಂದೆಯ ಉದ್ಯೋಗದ ನಿಮಿತ್ತ ಹಲವು ದೇಶಗಳಲ್ಲಿ ಬೆಳೆದರು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬಾಲ್ಯದ ಬಹುಭಾಗವನ್ನು ಕಳೆದು, ಕೊಯಮತ್ತೂರಿನಲ್ಲಿ ಪದವಿ ಪಡೆದು, ಬೆಂಗಳೂರಿನಲ್ಲಿ ಕಾರ್ಪೊರೇಟ್ ಉದ್ಯೋಗ ಮಾಡಿದರು. ಉದ್ಯೋಗದ ಜೊತೆಗೆ ನಡೆದ ಸಂಗೀತಾಭ್ಯಾಸವೇ ಕ್ರಮೇಣ ವೃತ್ತಿಯಾಯಿತು.

2019ರಲ್ಲಿ ಬಂದ ಅವರ ಮೊದಲ ಇಪಿಯ ಹೆಸರು ‘ಕಳರಿ’. ಕೇರಳದ ಸಮರಕಲೆಯ ಅಭ್ಯಾಸದ ಅಂಗಳವನ್ನು ಈ ಪದ ಸೂಚಿಸುತ್ತದೆ. ಮೊದಲ ಮುದ್ರಿಕೆಗೆ ಗರಡಿಯ ಹೆಸರನ್ನಿಟ್ಟದ್ದು ಅದರ ಪಾತ್ರಕ್ಕೆ ತಕ್ಕುದಾಗಿತ್ತು. ಮುಂದಿನ ಕೆಲವು ವರ್ಷ ಅವರು ಸ್ವತಂತ್ರ ಸಂಗೀತವನ್ನು ಹಿಂಬಾಲಿಸುವವರ ನಡುವೆ ಮುಖ್ಯವಾಗಿ ಪರಿಚಿತರಾಗಿದ್ದರು. 2024ರಲ್ಲಿ, ಬೆಂಗಳೂರಿನ ಹಿನ್ನೆಲೆಯಲ್ಲಿ ನಡೆಯುವ ಮಲಯಾಳಂ ಚಲನಚಿತ್ರ ‘ಆವೇಶಂ’ನ ಹಾಡೊಂದರಲ್ಲಿ ಅವರ ಧ್ವನಿ ಕೇಳಿಸಿತು. ಅದೇ ವರ್ಷದ ಜುಲೈನಲ್ಲಿ ಪ್ರೊಡ್ಯೂಸರ್ ಕಲ್ಮಿ ಜೊತೆಗೂಡಿ ಹೊರತಂದ ‘ಬಿಗ್ ಡಾಗ್ಸ್’ ಜಗತ್ತಿನಾದ್ಯಂತ ಜನಪ್ರಿಯವಾಗಿ, ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಏರಿತು. ಬಿಜಾಯ್ ಶೆಟ್ಟಿ ನಿರ್ದೇಶಿಸಿದ ಅದರ ವಿಡಿಯೊದಲ್ಲಿ, ಜಾತ್ರೆಗಳಲ್ಲಿ ಕಾಣುವ ಮೃತ್ಯುಕೂಪದ ಸಾಹಸಿಗರು ಬಾವಿಯಾಕಾರದ ಗೋಡೆಯ ಮೇಲೆ ವಾಹನ ಓಡಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಅವರು ಕ್ಯಾಲಿಫೋರ್ನಿಯದ ಕೋಚೆಲ್ಲಾ ಉತ್ಸವದಲ್ಲಿ ಕೇರಳದ ಚೆಂಡೆ ವಾದಕರೊಡನೆ ಕಾರ್ಯಕ್ರಮ ನೀಡಿದರು. ದೊಡ್ಡ ಸಂಸ್ಥೆಯ ಬೆಂಬಲ ಬಂದದ್ದು ಸ್ವತಂತ್ರ ಮುದ್ರಿಕೆಗಳಿಂದ ಕೇಳುಗರು ಕೂಡಿಕೊಂಡ ಅನಂತರವೇ.

ಕನ್ನಡ ರ‍್ಯಾಪ್

ಕನ್ನಡದಲ್ಲಿ ರ‍್ಯಾಪ್‌ಗೆ ವಿಶಾಲ ಜನಪ್ರಿಯತೆ ತಂದವರಲ್ಲಿ ಚಂದನ್ ಶೆಟ್ಟಿ ಮತ್ತು ಆಲ್ ಓಕೆ (ಅಲೋಕ್ ಬಾಬು) ಪ್ರಮುಖರು. ಚಂದನ್ ಶೆಟ್ಟಿ 2018ರ ಜನವರಿಯಲ್ಲಿ ‘ಬಿಗ್ ಬಾಸ್ ಕನ್ನಡ’ ಐದನೆಯ ಆವೃತ್ತಿಯ ವಿಜೇತರಾದರು. ಇದಕ್ಕೆ ಸಮಾನಾಂತರವಾಗಿ, ನಗರದ ದಿನನಿತ್ಯದ ಬದುಕನ್ನೂ ಸಾಮಾಜಿಕ ವಿಷಯಗಳನ್ನೂ ಆಡುಮಾತಿನಲ್ಲಿ ಹೇಳುವ ಇನ್ನೊಂದು ಧಾರೆ ಬೆಳೆಯಿತು. ರಾಹುಲ್ ಡಿಟ್ಟೊ, ಎಂಸಿ ಬಿಜ್ಜು ಮತ್ತು ಗುಬ್ಬಿ ಈ ಧಾರೆಯವರು. ಸಿರಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಬರೆಯುವ ರ‍್ಯಾಪರ್.

ಛಂದಸ್ಸಿನ ದೃಷ್ಟಿಯಿಂದ ಕನ್ನಡ ರ‍್ಯಾಪ್ ಗಮನಾರ್ಹವಾಗಿದೆ. ರ‍್ಯಾಪ್‌ನ ಒಂದು ‘ಬಾರ್’ ಎಂದರೆ ನಾಲ್ಕು ಬಡಿತಗಳ ಅವಧಿ. ಪ್ರತಿ ಬಡಿತವನ್ನು ನಾಲ್ಕಾಗಿ ವಿಭಜಿಸಿದರೆ ಹದಿನಾರು ಸೂಕ್ಷ್ಮ ಘಟಕಗಳಾಗುತ್ತವೆ. ಕನ್ನಡದ ಮಂದಾನಿಲ ರಗಳೆಯ ಸಾಲಿನಲ್ಲಿಯೂ ನಾಲ್ಕು ಮಾತ್ರೆಯ ನಾಲ್ಕು ಗಣಗಳಂತೆ ಹದಿನಾರು ಮಾತ್ರೆಗಳಿರುತ್ತವೆ. ರಗಳೆಯು ಎರಡೆರಡು ಸಾಲುಗಳನ್ನು ಪ್ರಾಸದಿಂದ ಜೋಡಿಸುತ್ತ, ಎಷ್ಟು ಸಾಲಿಗಾದರೂ ಹರಿಯಬಲ್ಲದು. ರ‍್ಯಾಪ್‌ನ ಪದ್ಯಭಾಗವೂ ಹೀಗೆಯೇ ಸಾಗುತ್ತದೆ. ಆದ್ದರಿಂದ ಈ ಲಯವು ಕನ್ನಡದ ಕಿವಿಗೆ ಅಪರಿಚಿತವಲ್ಲ.

ತೊಡಕಿರುವುದು ಬೇರೆ ಕಡೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ‘ಬರ್ತೀನಿ’, ‘ಹೋಗ್ತೀನಿ’, ‘ನೋಡ್ತೀನಿ’ ಎಂಬಂತೆ ಪ್ರತ್ಯಯಗಳ ಕಾರಣದಿಂದಲೇ ಅಂತ್ಯಪ್ರಾಸ ತಾನಾಗಿ ಒದಗುವುದರಿಂದ ಅದರಲ್ಲಿ ಕೌಶಲವೂ ಅಚ್ಚರಿಯೂ ಕಡಿಮೆ. ಪದಗಳ ಕ್ರಮವನ್ನು ಬದಲಿಸಿ ನಾಮಪದದಿಂದ ಸಾಲನ್ನು ಮುಗಿಸುವುದು, ಸಾಲಿನ ಒಳಗೇ ಪ್ರಾಸ ಕೂಡಿಸುವುದು, ಕನ್ನಡ ಪದಕ್ಕೆ ಇಂಗ್ಲಿಷ್ ಪದವನ್ನು ಜೋಡಿ ಮಾಡುವುದು ಇದಕ್ಕೆ ಇರುವ ಪರಿಹಾರಗಳು. ಆಡುಮಾತಿನ ಬಳಕೆಯೂ ಲಯಕ್ಕೆ ನೆರವಾಗುತ್ತದೆ. ‘ಮಾಡುತ್ತೇನೆ’ ಎಂಬ ಗ್ರಾಂಥಿಕ ರೂಪಕ್ಕೆ ಏಳು ಮಾತ್ರೆಗಳು ಬೇಕಾದರೆ ‘ಮಾಡ್ತೀನಿ’ ಐದರಲ್ಲಿ ಮುಗಿಯುತ್ತದೆ. ಬೆಂಗಳೂರಿನ ಬೀದಿಮಾತು ರ‍್ಯಾಪ್‌ಗೆ ಒಗ್ಗಿದ್ದಕ್ಕೆ ಈ ಬಿಗಿಯೂ ಒಂದು ಕಾರಣ.

ನಗರದ ಹೊರವಲಯ ಮತ್ತು ವೇದಿಕೆಗಳು

ಬೆಂಗಳೂರಿನ ಹಿಪ್‌ಹಾಪ್ ಬಹುಭಾಷಿಕವಾಗಿರುವುದಕ್ಕೆ ನಗರದ ಬೆಳವಣಿಗೆಯ ರೀತಿಯೇ ಹಿನ್ನೆಲೆಯಾಗಿದೆ. ಪಶ್ಚಿಮೋತ್ತರದ ಪೀಣ್ಯವು 1970ರ ದಶಕದಿಂದ ದೊಡ್ಡ ಕೈಗಾರಿಕಾ ಪ್ರದೇಶವಾಗಿ ಬೆಳೆಯಿತು. ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾದ ಆರ್. ಕೆ. ಬಾಳಿಗಾ ಅವರ ಕಲ್ಪನೆಯಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭವಾಯಿತು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದ ಬಳಿಕ ಮಾಹಿತಿ ತಂತ್ರಜ್ಞಾನದ ಕೇಂದ್ರವಾಯಿತು. ಕಾರ್ಖಾನೆಗೂ ಕಚೇರಿಗೂ ಬಂದ ಜನರು ತಮ್ಮೊಡನೆ ತಮ್ಮ ನುಡಿಗಳನ್ನು ತಂದರು. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರ ಪ್ರಮಾಣ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಇಲ್ಲಿ ಇಂಗ್ಲಿಷ್‌ನಲ್ಲಿ ಬರೆದರೆ ಹೆಚ್ಚು ಮಂದಿಗೆ ತಲುಪಬಹುದು. ಕನ್ನಡದಲ್ಲಿ ಬರೆದರೆ ನೆಲದ ಮಾತಿಗೆ ಹತ್ತಿರವಾಗಬಹುದು. ಭಾಷೆಯ ಆಯ್ಕೆಯು ಪ್ರತಿಯೊಬ್ಬ ರ‍್ಯಾಪರ್‌ಗೂ ಕೇಳುಗರ ಆಯ್ಕೆಯೂ ಆಗಿದೆ.

ಸಣ್ಣ ಸಂಗೀತ ಕಾರ್ಯಕ್ರಮಗಳು ಹೆಚ್ಚಾಗಿ ನಡೆಯುವುದು ಇಂದಿರಾನಗರ, ಕೋರಮಂಗಲ ಮುಂತಾದ ಒಳಬಡಾವಣೆಗಳಲ್ಲಿ. ಹೊರವಲಯದಲ್ಲಿ ಕೆಲಸ ಮಾಡುವ ಕೇಳುಗರಿಗೆ ಸಂಚಾರ ದಟ್ಟಣೆ ದಾಟಿ ಬರುವುದೇ ಒಂದು ಪ್ರಯಾಸ. ನಮ್ಮ ಮೆಟ್ರೊ ಪೀಣ್ಯವನ್ನು 2014ರಲ್ಲಿ ತಲುಪಿತು. ವೈಟ್‌ಫೀಲ್ಡ್ 2023ರ ಅಕ್ಟೋಬರ್‌ನಲ್ಲಿ ನಗರಕೇಂದ್ರದೊಡನೆ ನೇರ ಸಂಪರ್ಕ ಪಡೆಯಿತು. ಎಲೆಕ್ಟ್ರಾನಿಕ್ ಸಿಟಿಯ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು.

ವೇದಿಕೆಗಳ ಮೇಲೆ ಕಾನೂನಿನ ಪರಿಣಾಮವೂ ಆಗಿದೆ. ಸಾರ್ವಜನಿಕ ಮನರಂಜನಾ ಸ್ಥಳಗಳ ಕುರಿತು 2005ರಲ್ಲಿ ಹೊರಡಿಸಲಾದ ಆದೇಶವು ಬೆಂಗಳೂರಿನ ರೆಸ್ಟೋರೆಂಟ್‌ಗಳಲ್ಲಿ ಲೈವ್ ಬ್ಯಾಂಡ್ ನಡೆಸಲು ಪೊಲೀಸ್ ಪರವಾನಗಿಯನ್ನು ಕಡ್ಡಾಯಗೊಳಿಸಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನು ಎತ್ತಿಹಿಡಿಯಿತು. ಅದರ ಜಾರಿಯೊಂದಿಗೆ ಆ ವರ್ಷ ಹಲವು ಪಬ್‌ಗಳಲ್ಲಿ ನೇರ ಸಂಗೀತ ನಿಂತಿತು. ಟಿಕೆಟ್ ಮಾರಿ ಹೆಸರು ಗಳಿಸಬೇಕಾದ ಹೊಸ ಕಲಾವಿದರಿಗೆ ಸಣ್ಣ ವೇದಿಕೆಗಳ ನಷ್ಟವೇ ದೊಡ್ಡ ನಷ್ಟ.

ಅಭಿಮಾನಿ ಬಳಗ

ಒಂದು ಕೃತಿಯು ಬಹುಸಂಖ್ಯೆಯ ಜನರನ್ನು ತಲುಪದಿದ್ದರೂ, ಅದನ್ನು ಮತ್ತೆ ಮತ್ತೆ ಕೇಳುವ, ಸಾಲುಗಳನ್ನು ಬಾಯಿಪಾಠ ಮಾಡುವ, ಇತರರಿಗೆ ಹಂಚುವ ಬಳಗವನ್ನು ಪಡೆದಾಗ ಅದನ್ನು ‘ಕಲ್ಟ್’ ಕೃತಿ ಎನ್ನುತ್ತಾರೆ. ಹಿಪ್‌ಹಾಪ್‌ನಲ್ಲಿ ಇದಕ್ಕೆ ಹೆಚ್ಚು ಅವಕಾಶವಿದೆ. ಇತರ ಗೀತಪ್ರಕಾರಗಳಿಗಿಂತ ಇದರ ಸಾಹಿತ್ಯದಲ್ಲಿ ಪದಗಳು ಅಧಿಕ. ಶ್ಲೇಷೆ, ಸ್ಥಳನಾಮ, ಒಳಮಾತುಗಳು ಮೊದಲ ಕೇಳ್ಮೆಯಲ್ಲಿ ಪೂರ್ಣವಾಗಿ ಬಿಡಿಸಿಕೊಳ್ಳುವುದಿಲ್ಲ. ಅರ್ಥ ತಿಳಿದವರು ತಿಳಿಯದವರಿಗೆ ವಿವರಿಸುವ ಸಂದರ್ಭದಲ್ಲಿಯೇ ಬಳಗ ಬೆಳೆಯುತ್ತದೆ.

ನ್ಯೂಯಾರ್ಕ್‌ನ ಕಂಪನಿ ಫ್ಲೋ ಗುಂಪು ಇದರ ಪ್ರಸಿದ್ಧ ನಿದರ್ಶನ. ಎಲ್-ಪಿ, ಬಿಗ್ ಜಸ್ ಮತ್ತು ಮಿಸ್ಟರ್ ಲೆನ್ ಸೇರಿ 1995ರಲ್ಲಿ ‘ಫನ್‌ಕ್ರಷರ್’ ಎಂಬ ಇಪಿಯನ್ನು ಸ್ವತಂತ್ರವಾಗಿ ಹೊರತಂದರು. ಅದರ ಕೇಳುಗರ ನಿಷ್ಠೆ ಗುಂಪಿಗೆ ಹೆಸರು ತಂದಿತು. 1997ರಲ್ಲಿ ರಾಕಸ್ ಸಂಸ್ಥೆಯ ಮೂಲಕ ಅದರ ವಿಸ್ತೃತ ರೂಪವಾದ ‘ಫನ್‌ಕ್ರಷರ್ ಪ್ಲಸ್’ ಪ್ರಕಟವಾಯಿತು. ಗುಂಪು ಬಹುಕಾಲ ಉಳಿಯಲಿಲ್ಲ. ಆದರೆ ಆ ಮುದ್ರಿಕೆ ಸ್ವತಂತ್ರ ಹಿಪ್‌ಹಾಪ್‌ಗೆ ಮಾದರಿಯಾಗಿ ಉಳಿಯಿತು.

ಹಕ್ಕುಸ್ವಾಮ್ಯ ಮತ್ತು ಆದಾಯ

ಭಾರತದ ಕೃತಿಸ್ವಾಮ್ಯ ಕಾಯಿದೆ, 1957ರ ಪ್ರಕಾರ ಹಾಡಿನ ಸಾಹಿತ್ಯ, ಸಂಗೀತ ರಚನೆ ಮತ್ತು ಧ್ವನಿಮುದ್ರಣ ಮೂರೂ ಪ್ರತ್ಯೇಕ ಹಕ್ಕುಗಳಿರುವ ಕೃತಿಗಳು. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಬಳಿಕ 60 ವರ್ಷಗಳ ಕಾಲ ಇರುತ್ತದೆ. ಸ್ವಂತ ಹೊಣೆಯಿಂದ ಮುದ್ರಿಸಿದ ಕಲಾವಿದರು ಈ ಹಕ್ಕನ್ನು ತಾವೇ ಉಳಿಸಿಕೊಳ್ಳಬಹುದು. ಸ್ವತಂತ್ರವಾಗಿರುವುದರ ಮುಖ್ಯ ಲಾಭ ಇದು. 2012ರ ತಿದ್ದುಪಡಿಯು ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಗೌರವಧನದಲ್ಲಿ ಬಿಟ್ಟುಕೊಡಲಾಗದ ಪಾಲನ್ನು ನೀಡಿತು. ಆದರೆ ಬೇರೆಯವರಿಂದ ಪರವಾನಗಿಯ ಮೇಲೆ ಪಡೆದ ಬೀಟ್, ಅನುಮತಿಯಿಲ್ಲದ ಸ್ಯಾಂಪಲ್, ಗುಂಪಿನ ಸದಸ್ಯರ ನಡುವೆ ಲಿಖಿತ ಒಪ್ಪಂದ ಇಲ್ಲದಿರುವುದು ಮುಂದೆ ವಿವಾದಕ್ಕೆ ಎಡೆಮಾಡಿ, ಹಾಡು ಜಾಲತಾಣಗಳಿಂದ ತೆಗೆಯಲ್ಪಡಲು ಕಾರಣವಾಗಬಹುದು.

ಸಂರಕ್ಷಣೆ

ಗ್ರಾಮಫೋನ್ ತಟ್ಟೆಯೂ ಕ್ಯಾಸೆಟ್ಟೂ ಕೊಂಡವರ ಮನೆಯಲ್ಲಿ ಉಳಿಯುತ್ತಿದ್ದವು. ಅಂತರಜಾಲದಲ್ಲಿ ಮಾತ್ರ ಪ್ರಕಟವಾದ ಹಾಡು ಜಾಲತಾಣ ಇರುವವರೆಗೆ ಇರುತ್ತದೆ. ಭಾರತೀಯ ರ‍್ಯಾಪ್‌ನ ಆರಂಭಿಕ ಬ್ಯಾಟಲ್‌ಗಳಿಗೆ ನೆಲೆಯಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಸ್ವತಂತ್ರ ಸಂಗೀತಗಾರರ ಮತ್ತೊಂದು ನೆಲೆಯಾಗಿದ್ದ ಮೈಸ್ಪೇಸ್, ಸರ್ವರ್ ಸ್ಥಳಾಂತರದ ವೇಳೆ 2003ರಿಂದ 2015ರವರೆಗಿನ ಸಂಗೀತವನ್ನು ಕಳೆದುಕೊಂಡಿತು. 2019ರಲ್ಲಿ ಬೆಳಕಿಗೆ ಬಂದ ಈ ಘಟನೆಯಲ್ಲಿ ಜಗತ್ತಿನ ಸುಮಾರು 1.4 ಕೋಟಿ ಕಲಾವಿದರ 5 ಕೋಟಿಗೂ ಹೆಚ್ಚು ಹಾಡುಗಳು ನಾಶವಾದವೆಂದು ಅಂದಾಜಿಸಲಾಗಿದೆ. ಅವುಗಳಲ್ಲಿ ಸುಮಾರು 4.9 ಲಕ್ಷ ಹಾಡುಗಳು ಮಾತ್ರ ಇಂಟರ್ನೆಟ್ ಆರ್ಕೈವ್‌ಗೆ ಮರಳಿ ದೊರೆತವು. ಅವುಗಳನ್ನು ಮೊದಲೇ ಇಳಿಸಿಕೊಂಡವರು ಇದ್ದುದರಿಂದ ಅಷ್ಟಾದರೂ ಸಾಧ್ಯವಾಯಿತು.

ಈ ಕಾರಣದಿಂದ ಸ್ವತಂತ್ರ ಹಿಪ್‌ಹಾಪ್‌ನಲ್ಲಿ ಅಭಿಮಾನಿ ಬಳಗದ ಪಾತ್ರ ಮೆಚ್ಚುಗೆಯಾಚೆಗೂ ವಿಸ್ತರಿಸುತ್ತದೆ. ಕಡತವನ್ನು ಇಳಿಸಿಕೊಂಡು ಕಾಪಾಡುವುದು, ಹಾಡಿನ ಸಾಹಿತ್ಯವನ್ನು ಬರೆದಿಡುವುದು, ಬೀಟ್ ಕಟ್ಟಿದವರ, ಹಾಡಿದವರ, ಮಿಕ್ಸ್ ಮಾಡಿದವರ ಹೆಸರು ಹಾಗೂ ಬಿಡುಗಡೆಯ ದಿನಾಂಕಗಳನ್ನು ದಾಖಲಿಸುವುದು ಇದರಲ್ಲಿ ಸೇರಿವೆ. ಸಂಸ್ಥೆಯ ಕಪಾಟು ಇಲ್ಲದ ಕಿರು ಮುದ್ರಿಕೆಗೆ ಅದನ್ನು ಕೇಳಿದವರ ಸಂಗ್ರಹವೇ ದಾಖಲೆಯ ಭಂಡಾರವಾಗಿದೆ.